ಮಂದ್ರವಾದ್ಯದೊಡನೆ ಒಂದು ಸಂಜೆ

ಕೆಂಗೇರಿಯಿಂದ ರಾಜಾಜಿನಗರಕ್ಕೆ ಹೋಗಿಬರುವುದನ್ನು ಯಾತ್ರೆಯೆಂದು ಕರೆದರೆ ವಾಚಕರು ನಗಬಹುದು. ಕಾಶಿ ಬದರಿಗಳನ್ನು ಕಂಡುಬಂದವರು ತಮ್ಮ ಪ್ರಯಾಣದ ವೃತ್ತಾಂತವನ್ನು ಬರೆಯುವುದು ಸಹಜ; ಒಂದೇ ಊರಿನ ಒಂದು ಬಡಾವಣೆಯಿಂದ ಮತ್ತೊಂದು ಬಡಾವಣೆಗೆ ಹೋದವನು ಬರೆಯತಕ್ಕುದೇನು? ನಾನೂ ಹಾಗೆಯೇ ಎಣಿಸಿದ್ದವನು. ಆದರೆ ನಾಲ್ಕಡಿಗೆ ಎರಡಂಗುಲ ಮಾತ್ರ ಕಡಮೆಯಾದ, ತಲೆಭಾರವುಳ್ಳ, ಬಿದ್ದರೆ ಕೆಡತಕ್ಕ, ಅದರಲ್ಲಿಯೂ ಪರರದಾದ ಒಂದು ವಾದ್ಯವನ್ನು ಜೊತೆಯಲ್ಲಿ ಕರೆದುಕೊಂಡು ಹೊರಟರೆ, ಆ ಸುಮಾರು ಹದಿನೈದು ಕಿಲೋಮೀಟರಿನ ದಾರಿಯಲ್ಲಿ ಎಷ್ಟು ಘಟ್ಟಗಳಿರುವುವೆಂಬುದು 2024 ನೆಯ ಇಸವಿಯ ಭಾದ್ರಪದದ ಒಂದು ಸಂಜೆ ನನಗೆ ತಿಳಿಯಿತು. ತೆಗೆದುಕೊಂಡು ಎನ್ನದೆ ಕರೆದುಕೊಂಡು ಎಂದುದು ಕೈತಪ್ಪಲ್ಲ. ಈಗ ಅನೇಕ ಮನೆಗಳಿಗೆ ಇಂತಹ ವಾದ್ಯಗಳು ಬಂದು ಸೇರಿರುವುದರಿಂದ, ನಾನು ಪೆಟ್ಟುತಿಂದು ಕಲಿತುದು ಕೆಲವರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿರುವೆನು.

ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಕೆಂಗೇರಿ ಉಪನಗರದಲ್ಲಿ ನಮ್ಮ ಮನೆ. ನನ್ನ ತಮ್ಮನ ಮಗನು ವ್ಯಾಸಂಗಕ್ಕೆಂದು ನಮ್ಮಲ್ಲಿಗೆ ಬಂದು, ಪದವಿಯಾದ ಮೇಲೆಯೂ ನಮ್ಮಲ್ಲಿಯೇ ನಿಂತಿರುವನು. ಹಗಲು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಗಣೇಶನ ಹಬ್ಬ, ರಾಜ್ಯೋತ್ಸವ ಮುಂತಾದ ಕಾಲಗಳಲ್ಲಿ ಸಂಜೆಯಾಯಿತೆಂದರೆ ರಸಮಂಜರಿಯ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ನಾನು ಓದಿದ ರಸಮಂಜರಿಯು ಭಾನುದತ್ತನದು, ನಾಯಿಕಾಭೇದಗಳನ್ನು ಹೇಳತಕ್ಕ ಗ್ರಂಥ. ನಮ್ಮ ಬೀದಿಗಳ ರಸಮಂಜರಿಯೆಂದರೆ ಸಿನಿಮಾ ಹಾಡುಗಳ ಸಂಗೀತಗೋಷ್ಠಿ. ಹೆಸರಿಟ್ಟವರು ಯಾರೋ ಅರಿಯೆನು; ಇಟ್ಟುದು ಚೆನ್ನಾಗಿಯೇ ಇದೆ. ಹುಡುಗನು ಆ ವಾದ್ಯವನ್ನು ತನ್ನ ಸಂಬಳದಿಂದ ಕಂತುಕಟ್ಟಿ ಕೊಂಡಿದ್ದನು. ಆ ಹಬ್ಬದ ವೇಳೆಗೆ ಇನ್ನೂ ಐದು ಕಂತುಗಳು ಬಾಕಿಯಿದ್ದುವು.

ಬೇಸ್ ಗಿಟಾರನ್ನು ಕಾಣದವರಿಗಾಗಿ ಕೆಲವು ಮಾತು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿರುವನಷ್ಟೆ. ಇದು ತತವರ್ಗಕ್ಕೆ, ಎಂದರೆ ತಂತಿವಾದ್ಯಗಳ ಗುಂಪಿಗೆ, ಸೇರಿದುದು. ಮರದ ಗಟ್ಟಿಯಾದ ಒಡಲು, ಅದಕ್ಕೆ ತಿರುಪುಗಳಿಂದ ಬಿಗಿದ ನೀಳವಾದ ದಂಡಿ, ದಂಡಿಯ ತುದಿಯ ತಲೆಯಲ್ಲಿ ಲೋಹದ ನಾಲ್ಕು ಬಿರಡೆಗಳು, ಅವಕ್ಕೆ ಸುತ್ತಿದ ನಾಲ್ಕು ದಪ್ಪ ತಂತಿಗಳು. ಪ್ರತಿಯೊಂದು ತಂತಿಯೂ ತನಗಿಂತ ಕೆಳಗಿನ ಸ್ಥಾಯಿಯದರ ಮಧ್ಯಮಕ್ಕೆ ಶ್ರುತಿಗೊಂಡಿರುವುದು. ಎಲ್ಲಕ್ಕಿಂತ ಮಂದ್ರವಾದ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಒಡಲು ಟೊಳ್ಳಲ್ಲವಾದುದರಿಂದ ವಿದ್ಯುತ್ತಿನ ನೆರವಿಲ್ಲದೆ ಅದರ ಸದ್ದು ಪಕ್ಕದ ಕೋಣೆಗೂ ಮುಟ್ಟದು. ಹುಡುಗನು ಮನೆಯಲ್ಲಿ ಒಂದು ಚಿಕ್ಕ ಆಂಪ್ಲಿಫೈಯರಿಗೆ ಕೂಡಿಸಿ ಅಭ್ಯಾಸ ಮಾಡುವನು. ಆಗ ನಮ್ಮ ಅಡಿಗೆಮನೆಯ ಗೂಡಿನಲ್ಲಿಟ್ಟ ಸ್ಟೀಲು ಲೋಟಗಳು ಝಣಝಣವೆನ್ನುತ್ತಿದ್ದುವು. ನನಗೆ ಕೇಳಿಸುತ್ತಿದ್ದುದು ಆ ಲೋಟಗಳ ಸದ್ದು ಮಾತ್ರ. ಒಂದು ದಿನ, "ಇಷ್ಟು ಹಣ ಸುರಿದು ಇಷ್ಟು ದೊಡ್ಡ ವಾದ್ಯ ತಂದೆಯಲ್ಲಾ, ಮೇಳದಲ್ಲಿ ಇದರ ನಾದ ಎಲ್ಲಿದೆಯೋ ನನಗಂತೂ ಕೇಳಿಸದು" ಎಂದು ಹಂಗಿಸಿದೆನು. ಅವನು, "ಕೇಳಿಸದಿದ್ದರೇನು ದೊಡ್ಡಪ್ಪ, ನಿಲ್ಲಿಸಿದಾಗ ಗೊತ್ತಾಗುತ್ತೆ" ಎಂದು ನಕ್ಕು ಸುಮ್ಮನಾದನು.

ಈ ವಾದ್ಯದ ಹುಟ್ಟಿಗೆ ಪ್ರಯಾಣದ ಕಷ್ಟವೇ ಒಂದು ಕಾರಣವೆಂಬುದು ಸೋಜಿಗದ ಸಂಗತಿ. ಪಾಶ್ಚಾತ್ಯರ ಗೋಷ್ಠಿಗಳಲ್ಲಿ ಮಂದ್ರಸ್ವರಗಳಿಗೆ ಡಬಲ್ ಬೇಸ್ ಎಂಬುದಿದ್ದಿತು, ಈಗಲೂ ಇದೆ. ಆಳೆತ್ತರದ ಪಿಟೀಲೆಂದು ಅದನ್ನು ಊಹಿಸಿಕೊಳ್ಳಬೇಕು. ಊರೂರು ಅಲೆಯುವ ವಾದಕರು ಅದನ್ನು ಮೋಟಾರಿನ ನೆತ್ತಿಗೆ ಕಟ್ಟಿಕೊಂಡು ಹೋಗುವರು. ಇಷ್ಟಾಗಿಯೂ ಕಹಳೆ ಜಾಗಟೆಗಳ ಅಬ್ಬರದ ನಡುವೆ ಅದರ ದನಿ ಮುಳುಗಿಹೋಗುವುದು. ಅಮೆರಿಕದ ಸಿಯಾಟಲ್ ನಗರದಲ್ಲಿ 1930 ರ ದಶಕದಲ್ಲಿಯೇ ಇದಕ್ಕೊಂದು ಪರಿಹಾರ ಹುಡುಕಿದವರಿದ್ದರೂ ಅದು ಬೇರೂರಲಿಲ್ಲ. ಕ್ಯಾಲಿಫೋರ್ನಿಯಾ ಪ್ರಾಂತದ ಫುಲರ್ಟನ್ ಎಂಬ ಊರಿನಲ್ಲಿ ಮೊದಲು ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಎಂಬಾತನು 1951 ರಲ್ಲಿ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ದಂಡಿಗೆ ಮೆಟ್ಟಿಲುಗಳುಳ್ಳ ಬೇಸನ್ನು ಮಾರಾಟಕ್ಕೆ ತಂದನು. ಮೆಟ್ಟಿಲುಗಳಿರುವುದರಿಂದ ಬೆರಳು ಸ್ವರಸ್ಥಾನವನ್ನು ತಪ್ಪದೆಂಬ ಅರ್ಥದಲ್ಲಿ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟನು. ನಮ್ಮ ಹುಡುಗನದು ಅದೇ ಮಾದರಿಯದು. ತೂಕ ನಾಲ್ಕು ಕಿಲೋ. ತಂತಿಯ ನುಡಿಯುವ ಭಾಗ 34 ಅಂಗುಲ.

ವಾದ್ಯ ಹೊರುವ ಕೆಲಸ ನನಗೆ ಹೊಸದೆಂದು ನಾನು ತಿಳಿದಿರಲಿಲ್ಲ. 1975 ರ ಸುಮಾರಿನಲ್ಲಿ, ನಾನು ಹತ್ತು ವರ್ಷದವನಾಗಿದ್ದಾಗ, ನಮ್ಮಕ್ಕನ ವೀಣೆಯನ್ನು ರಾಜಾಜಿನಗರದ ಮನೆಯಿಂದ ಮಲ್ಲೇಶ್ವರದ ಅವರ ಗುರುಗಳಲ್ಲಿಗೆ ಜಟಕಾದಲ್ಲಿ ಸಾಗಿಸುವಾಗ ಕೊಡವನ್ನು ತೊಡೆಯ ಮೇಲಿಟ್ಟು ಹಿಡಿದು ಕೂಡುವುದು ನನ್ನ ಪಾಲಿನ ಕೆಲಸವಾಗಿದ್ದಿತು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಮೇಣದಲ್ಲಿ ಕೂತಿರತಕ್ಕವು. ಒಂದು ಚೈತ್ರಮಾಸದ ಮಧ್ಯಾಹ್ನ ಗಾಡಿಯವನು ಬಿಸಿಲಲ್ಲಿ ನಿಂತು ಬೀಡಿ ಹಚ್ಚಿದನು. ಮೇಣ ಮೆತ್ತಗಾಗಿ ಎರಡು ಮೆಟ್ಟಿಲುಗಳು ಜರುಗಿದುವು. ಅಕ್ಕ ಅತ್ತರು. ಬೇಸ್ ಗಿಟಾರಿನ ಮೆಟ್ಟಿಲುಗಳು ಮರದಲ್ಲಿ ಹೊಡೆದವಾದುದರಿಂದ ಜರುಗವು. ಆದರೆ ಮುಚ್ಚಿದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಒಳಗೆ ಬಿಟ್ಟರೆ ದಂಡಿ ಬಾಗುವುದು, ಅಂಟು ಬಿಡುವುದು ಇಲ್ಲಿಯೂ ಉಂಟು. ದಂಡಿಯೊಳಗೆ ಒಂದು ಉಕ್ಕಿನ ಸರಳಿರುವುದು. ಬಾಗು ಬಂದರೆ ಅಲೆನ್ ಕೀಯಿಂದ ಅದನ್ನು ಒಂದಿಷ್ಟು ತಿರುಗಿಸಿ ಸರಿಪಡಿಸುವರು. ಇದು ಅರಿತವರ ಕೆಲಸ.

ಇನ್ನು ಆ ಸಂಜೆಯ ಕಥೆ. ಸಾಮಾನ್ಯವಾಗಿ ಹುಡುಗನು ಗೆಳೆಯನೊಬ್ಬನ ಮೋಟಾರ್ ಸೈಕಲಿನ ಹಿಂದೆ ವಾದ್ಯವನ್ನು ಬೆನ್ನಿಗೆ ಕಟ್ಟಿಕೊಂಡು ಕೂತು ಹೋಗುವನು. ಇದರಲ್ಲಿ ಒಂದು ಅಪಾಯವಿದೆ. ಚೀಲದ ತುದಿಯು ತಲೆಗಿಂತ ಒಂದು ಗೇಣು ಮೇಲೆ ನಿಂತಿರುವುದನ್ನು ಹೊತ್ತವನು ಮರೆಯುತ್ತಾನೆ. ಮರದ ಕೊಂಬೆ, ಇಳಿಬಿದ್ದ ಕೇಬಲ್ಲು, ಅಂಗಡಿಯ ಬೋರ್ಡು, ಮನೆಯ ಬಾಗಿಲಿನ ಮೇಲ್ಪಟ್ಟಿ ಇವು ಮರೆಯುವುದಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿದರೆ ಸಾಲದು. ಮಂಡಿ ಬಗ್ಗಿಸಿ ನೆಟ್ಟಗೆ ಇಳಿಯಬೇಕು. ಆ ದಿನ ಗೆಳೆಯನಿಗೆ ಜ್ವರ. ಆಟೋದಲ್ಲಿ ಕೆಂಗೇರಿಯಿಂದ ಹೋಗಿಬಂದರೆ ಸಂಭಾವನೆಯ ದೊಡ್ಡ ಪಾಲು ಅಲ್ಲಿಗೇ ಸರಿಹೋಗುವುದು. ಕೈಯಲ್ಲಿ ವಾದ್ಯವಲ್ಲದೆ ಸರಂಜಾಮಿನ ಚೀಲವೂ ಇದ್ದುದರಿಂದ, "ನಾನು ಬರುವೆನು, ಮೆಟ್ರೋದಲ್ಲಿ ಹೋಗೋಣ" ಎಂದೆನು. ಹುಡುಗನು ಒಮ್ಮೆ ಅನುಮಾನಿಸಿ ಒಪ್ಪಿದನು. ಆ ಅನುಮಾನಕ್ಕೆ ಕಾರಣವಿದ್ದಿತೆಂದು ಈಗ ಹೇಳಬಲ್ಲೆನು.

ಸರಂಜಾಮಿನ ಚೀಲವನ್ನು ಅವನು ಕಟ್ಟುವ ಕ್ರಮವನ್ನು ನೋಡಿ ನನಗೆ ಸಂತೋಷವಾಯಿತು. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಹೀಗೆ ಲೇಖನಿಗಳನ್ನು ಜೋಡಿಸಿಕೊಂಡುದನ್ನು ನಾನು ಹೆಚ್ಚಾಗಿ ಕಂಡಿಲ್ಲ. ವಾದ್ಯದಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲು ಒಂದಲ್ಲ, ಎರಡು; ಕಾರ್ಯಕ್ರಮದ ನಡುವೆ ಹೆಚ್ಚಾಗಿ ಕೈಕೊಡುವುದು ಅದೇ. ಬೇಸಿನ ತಂತಿ ತುಂಡಾಗುವುದು ಅಪರೂಪ. ಆದರೂ ಒಂದು ಜೊತೆ ಹಳೆಯ ತಂತಿಗಳು. ಶ್ರುತಿ ನೋಡುವ ಟ್ಯೂನರು. ಕೆಲವು ವಾದ್ಯಗಳ ಒಡಲಲ್ಲಿ 9 ವೋಲ್ಟಿನ ಬ್ಯಾಟರಿಯಿರುತ್ತದೆ. ಅಂತಹುದನ್ನು ಇಟ್ಟುಕೊಂಡವರು ಹೊಸ ಬ್ಯಾಟರಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕು. ವಾದ್ಯಕ್ಕೆ ಕೂಡಿಸಿದ ಕೇಬಲ್ಲನ್ನು ಹಾಗೆಯೇ ಬಿಟ್ಟರೆ ನುಡಿಸದಿದ್ದರೂ ಅದು ಸವೆಯುತ್ತದೆಯಂತೆ. ಟಾರ್ಚು, ತಿರುಪುಳಿ, ಟೆಸ್ಟರು, ಹತ್ತಿಯ ಬಟ್ಟೆ, ಮಳೆಗೆ ಪ್ಲಾಸ್ಟಿಕ್ ಹೊದಿಕೆ. ಭಾರವಾದ ಆಂಪ್ಲಿಫೈಯರನ್ನು ಹೊರಬೇಕಾಗಿಲ್ಲ, ಧ್ವನಿವರ್ಧಕದವರು ತಂದಿಟ್ಟಿರುತ್ತಾರೆ. ಇದಕ್ಕೆ ನನ್ನ ಮನೆಯವರು ಒಂದು ಡಬ್ಬಿ ಅವಲಕ್ಕಿಯನ್ನು ಸೇರಿಸಿದರು. ಕಲಾವಿದರಿಗೆ ಊಟವು ಕಾರ್ಯಕ್ರಮದ ನಂತರ ಎಂಬುದು ಎಲ್ಲ ಉತ್ಸವ ಸಮಿತಿಗಳ ಅಲಿಖಿತ ನಿಯಮ.

ಕೆಂಗೇರಿಯು ನಾನು ಮನೆ ಕಟ್ಟಿದಾಗ ಬೆಂಗಳೂರಿನ ಹೊರಗಿನ ಊರು. 2007 ರಲ್ಲಿ ಅದು ಮಹಾನಗರಪಾಲಿಕೆಗೆ ಸೇರಿತು; 2021 ರ ಆಗಸ್ಟಿನಲ್ಲಿ ಮೆಟ್ರೋ ರೈಲು ಬಂದಿತು. ನಿಲ್ದಾಣದ ಬಾಗಿಲಲ್ಲಿ ಸಾಮಾನುಗಳನ್ನು ಕ್ಷಕಿರಣ ಯಂತ್ರದ ಪಟ್ಟಿಯ ಮೇಲಿಡಬೇಕಷ್ಟೆ. ವಾದ್ಯವನ್ನು ಅಗಲವಾದ ಬೆನ್ನು ಕೆಳಗಾಗುವಂತೆ ಮಲಗಿಸಿ, ಯಾರಾದರೊಬ್ಬರು ಮೊದಲೇ ಆಚೆಯ ಬದಿಗೆ ಹೋಗಿ ನಿಂತಿರಬೇಕು. ಇಲ್ಲವಾದರೆ ಹಿಂದಿನಿಂದ ಬಂದ ಟ್ರಂಕುಗಳು ಅದನ್ನು ತಳ್ಳಿ ನೆಲಕ್ಕೆ ಬೀಳಿಸುವುವು. ಸಾಮಾನಿನ ಅಳತೆಗೆ ಮೆಟ್ರೋದಲ್ಲಿ ಮಿತಿಯುಂಟು, ವಾದ್ಯವು ಉದ್ದವಾದುದು. ಆದುದರಿಂದ ಕಾವಲಿನವರು ಕೇಳುವ ಮೊದಲೇ ತೆರೆದು ತೋರಿಸಿ ವಿನಯದಿಂದ ವಿಚಾರಿಸುವುದು ಲೇಸು. ಆ ದಿನದ ಕಾವಲುಗಾರನು ಪರದೆಯನ್ನು ನೋಡಿ, "ಏನ್ ಸಾರ್, ವೀಣೇನಾ?" ಎಂದು ನನ್ನನ್ನೇ ಕೇಳಿದನು. ನನ್ನ ಪಂಚೆ ಶಲ್ಯಗಳನ್ನು ನೋಡಿದವನಿಗೆ ಬೇರೆ ಏನು ತೋಚೀತು? ನಾನು ಹೌದೆನ್ನಲೂ ಆರದೆ ಅಲ್ಲವೆನ್ನಲೂ ಆರದೆ, "ಆ ಜಾತಿಯದೇ" ಎಂದೆನು.

ರೈಲಿನಲ್ಲಿ ಕೊನೆಯ ಗಾಡಿಯ ಕೊನೆಯ ಮೂಲೆ ವಾದ್ಯಕ್ಕೆ ಕ್ಷೇಮ. ಬೆನ್ನಿನಿಂದ ಇಳಿಸಿ, ಪಾದಗಳ ನಡುವೆ ನಿಲ್ಲಿಸಿ, ಕುತ್ತಿಗೆಯನ್ನು ಕೈಯಲ್ಲಿ ಹಿಡಿಯಬೇಕು. ಬೆನ್ನಿನ ಮೇಲೆಯೇ ಬಿಟ್ಟುಕೊಂಡು ತಿರುಗಿದರೆ ಹಿಂದಿನವರ ಮೂಗಿಗೆ ಅಪಾಯ. ಪಟ್ಟಣಗೆರೆ ಕಳೆದು, ಜ್ಞಾನಭಾರತಿಯ ಬಳಿ ವಿಶ್ವವಿದ್ಯಾನಿಲಯದ ಮರಗಳ ಹಸುರು ಕಣ್ಣಿಗೆ ತಂಪೆರೆಯಿತು. ನಾಯಂಡಹಳ್ಳಿಯ ಹತ್ತಿರ ವೃಷಭಾವತಿ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹೇಳುವ ಈ ನದಿಯಲ್ಲಿ ಮಿಂದು ಮಡಿಯುಟ್ಟು ಗುಡಿಗೆ ಹೋಗುತ್ತಿದ್ದ ಕಾಲವನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ಈಗ ಕಪ್ಪು ನೀರು, ಬಿಳಿಯ ನೊರೆ. ಗಾಜಿನ ಬಾಗಿಲು ಮುಚ್ಚಿರುವುದರಿಂದ ವಾಸನೆ ಮಾತ್ರ ತಿಳಿಯದು. ಮುಂದೆ ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯ ದಿಕ್ಕಿಗೆ ಕೈಮುಗಿಯಬೇಕೆಂದರೆ ನನ್ನ ಕೈಗಳೆರಡೂ ಗಿಟಾರಿನ ಕುತ್ತಿಗೆಯಲ್ಲಿದ್ದುವು. ತಲೆಬಾಗಿದೆನು. ಸಂಜೀವಿನಿಯ ಬೆಟ್ಟವನ್ನು ಹೊತ್ತುತಂದವನಿಗೆ ಹೊರೆ ಹೊತ್ತವನ ಕಷ್ಟ ತಿಳಿದೀತು.

ಮೆಜೆಸ್ಟಿಕ್ಕಿನವರೆಗೆ ಹೋಗಿ ಅಲ್ಲಿ ಹಸುರು ಮಾರ್ಗದ ರೈಲಿಗೆ ಬದಲಾಯಿಸಿದರೆ ನೇರವಾಗಿ ರಾಜಾಜಿನಗರದ ನಿಲ್ದಾಣವನ್ನೇ ಸೇರಬಹುದು. ಆದರೆ ಸಂಜೆ ಆರು ಗಂಟೆಯ ಮೆಜೆಸ್ಟಿಕ್ಕಿನ ಜನಸಮುದ್ರದಲ್ಲಿ ನಾಲ್ಕಡಿಯ ವಾದ್ಯವನ್ನು ಹಿಡಿದು ಇಳಿಯುವುದು ಬುದ್ಧಿವಂತರ ಲಕ್ಷಣವಲ್ಲ. ಅಲ್ಲದೆ ತಂಡದ ಕೀಬೋರ್ಡ್ ವಾದಕನ ಮನೆ ಬಸವೇಶ್ವರನಗರದಲ್ಲಿದ್ದು, ಅವನನ್ನೂ ಕೂಡಿಕೊಂಡು ಹೋಗಬೇಕಾಗಿದ್ದಿತು. ಆದುದರಿಂದ ವಿಜಯನಗರದಲ್ಲಿ ಇಳಿದೆವು. ಹಬ್ಬದ ದಿನಗಳ ವಿಜಯನಗರವನ್ನು ವರ್ಣಿಸಲು ಹೋದರೆ ಈ ಲೇಖನವು ರಾಜಾಜಿನಗರವನ್ನು ಮುಟ್ಟದು. ಸೇವಂತಿಗೆಯ ಮಾರು, ಬಾಳೆಕಂದು, ಗರಿಕೆಯ ಕಟ್ಟು. ಪ್ರತಿಯೊಂದು ಅಡ್ಡರಸ್ತೆಗೂ ಒಬ್ಬ ಗಣಪತಿ, ಪ್ರತಿಯೊಬ್ಬ ಗಣಪತಿಗೂ ಒಂದು ಧ್ವನಿವರ್ಧಕ. ಮಂದ್ರವಾದ್ಯಕ್ಕೆ ಇಲ್ಲಿ ಕೆಲಸ ತಪ್ಪದೆಂದುಕೊಂಡೆನು.

ಆಟೋದಲ್ಲಿ ವಾದ್ಯವನ್ನು ಇಡುವ ಬಗೆ ಒಂದೇ. ಸೀಟಿನ ಹಿಂದಿನ ಗೂಡಿನಲ್ಲಿ ಇಡಕೂಡದು; ಅಲ್ಲಿ ಎಂಜಿನ್ನಿನ ಕಾವು. ಅಡ್ಡಲಾಗಿ ಇಡಕೂಡದು, ಎರಡು ಕಡೆಯೂ ಹೊರಚಾಚಿ ಪಕ್ಕದ ಬಸ್ಸಿಗೆ ತಗುಲುವುದು. ಒಡಲನ್ನು ಪಾದಗಳ ನಡುವೆ ಇಟ್ಟು, ದಂಡಿಯನ್ನು ಓರೆಯಾಗಿ ಹೆಗಲಿಗೆ ಒರಗಿಸಿಕೊಂಡು, ನಿದ್ದೆಹೋದ ಮಗುವನ್ನು ಹಿಡಿದಂತೆ ಹಿಡಿದುಕೊಳ್ಳಬೇಕು. ಮಾಗಡಿ ರಸ್ತೆಯನ್ನು ದಾಟಿ, ಹಾವನೂರು ವೃತ್ತವನ್ನು ಬಳಸಿ, ಬಸವೇಶ್ವರನಗರದ ಒಂದು ಶಾಂತವಾದ ಬೀದಿಯಲ್ಲಿ ನಿಂತೆವು. ಹುಡುಗನು, "ಒಂದು ನಿಮಿಷ ಹಿಡಿದುಕೊಂಡಿರಿ ದೊಡ್ಡಪ್ಪ, ಕೀಬೋರ್ಡು ಇಳಿಸಿಕೊಂಡು ಬರ್ತೀನಿ" ಎಂದು ಗೆಳೆಯನ ಮನೆಯ ಮಹಡಿಗೆ ಹೋದನು.

ಹಿಡಿದುಕೊಂಡಿರಿ ಎಂದಿದ್ದನು. ಇಡಿ ಎಂದಿರಲಿಲ್ಲ. ಮೂವತ್ತೆರಡು ವರ್ಷ ಧಾತುಗಳ ಅರ್ಥಭೇದವನ್ನು ಬೋಧಿಸಿದವನಿಗೆ ಈ ಭೇದ ಹೊಳೆಯದೆಹೋಯಿತು. ಬೀದಿಯ ಹೊಂಗೆಯ ಮರಗಳು ಸೊಗಸಾಗಿದ್ದುವು, ಕೈ ನೋಯುತ್ತಿದ್ದಿತು, ವಾದ್ಯವನ್ನು ಕಾಂಪೌಂಡು ಗೋಡೆಗೆ ಒರಗಿಸಿ ಶಲ್ಯದಿಂದ ಮುಖ ಒರಸಿಕೊಂಡೆನು. ಬೇಸ್ ಗಿಟಾರಿಗೆ ತಲೆಭಾರ ಹೆಚ್ಚು. ಒರಗಿಸಿದರೆ ನಿಂತಂತೆಯೇ ತೋರಿ, ಬುಡ ಒಂದಂಗುಲ ಜಾರುತ್ತಲೂ ತಲೆಯ ಮೇಲೆಯೇ ಬೀಳುವುದು. ಚೀಲವು ಮೆತ್ತನೆಯದಾದರೂ ಒಡಲಿನ ಕಡೆಗೆ ಮಾತ್ರ ಹತ್ತಿ ತುಂಬಿದ್ದು, ತಲೆಯ ಕಡೆಗೆ ಬರಿಯ ಬಟ್ಟೆ. ಕಲ್ಲುಚಪ್ಪಡಿಯ ಮೇಲೆ ಬಿದ್ದ ಸದ್ದು ನನಗೆ ಇಂದಿಗೂ ನೆನಪಿದೆ. ಹುಡುಗನು ಮಹಡಿಯ ಮೇಲಿಂದಲೇ ಅದನ್ನು ಕೇಳಿದನು.

ಬಿಚ್ಚಿ ನೋಡಿದೆವು. ದಂಡಿ ಉಳಿದಿದ್ದಿತು. ಎಲ್ಲಕ್ಕಿಂತ ಮಂದ್ರವಾದ ತಂತಿಯ ಬಿರಡೆಯು ಬುಡದಲ್ಲಿ ಸೊಟ್ಟಗಾಗಿ, ಹಲ್ಲು ಕೂಡದೆ, ತಂತಿಯು ಎಷ್ಟು ತಿರುಗಿಸಿದರೂ ಬಿಗಿಯದಾಗಿದ್ದಿತು. ಹುಡುಗನು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು. ತಿರುಪುಳಿಯನ್ನು ತೆಗೆದು ಸ್ವಲ್ಪ ಹೊತ್ತು ಪ್ರಯತ್ನಿಸಿದನು. ಕೊನೆಗೆ ಆ ತಂತಿಯನ್ನೇ ಕಳಚಿ ಸುರುಳಿಸುತ್ತಿ ಚೀಲಕ್ಕೆ ಹಾಕಿ, "ಮೂರರಲ್ಲಿ ನುಡಿಸ್ತೀನಿ, ನಡೀರಿ" ಎಂದನು.

ಪ್ರಯಾಣದ ವಾದ್ಯಕ್ಕೆ ಚೀಲವನ್ನು ಕೊಳ್ಳುವವರು ಬಣ್ಣವನ್ನೂ ಜೇಬುಗಳನ್ನೂ ನೋಡುವ ಮೊದಲು ತಲೆಯ ಕಡೆ ಕೈಹಾಕಿ ಒತ್ತಿ ನೋಡಬೇಕು. ಬೆರಳಿಗೆ ಆಚೆಯ ಬೆರಳು ತಗುಲಿದರೆ ಆ ಚೀಲ ಬೇಡ. ಗಟ್ಟಿ ಪೆಟ್ಟಿಗೆಯು ಇನ್ನೂ ಉತ್ತಮವೇ. ಆದರೆ ವಾದ್ಯದೊಡನೆ ಎಂಟು ಒಂಬತ್ತು ಕಿಲೋ ಆಗಿ, ಮೆಟ್ರೋ ಆಟೋಗಳ ಜನರಿಗೆ ಒಗ್ಗದು. ವಾದ್ಯವನ್ನು ಎಲ್ಲಿಯಾದರೂ ಇಡಲೇಬೇಕಾದರೆ ನೆಲದ ಮೇಲೆ ಮಲಗಿಸಬೇಕು. ಬಿದ್ದುಹೋಗಿರುವುದು ಮತ್ತೆ ಬೀಳದು.

ರಾಜಾಜಿನಗರದಲ್ಲಿ, ಡಾ. ರಾಜಕುಮಾರ್ ರಸ್ತೆಯಿಂದ ಒಳಗೆ ತಿರುಗಿದ ಒಂದು ಅಡ್ಡರಸ್ತೆಯಲ್ಲಿ ಚಪ್ಪರ ಹಾಕಿದ್ದರು. ನಾನು ಹುಟ್ಟಿ ಬೆಳೆದ ಬಡಾವಣೆ. ರಾಜಾಜಿಯವರ ಹೆಸರಿನ ಈ ಬಡಾವಣೆಯಲ್ಲಿ ನನ್ನ ಬಾಲ್ಯದಲ್ಲಿ ತಗ್ಗಾದ ಹೆಂಚಿನ ಮನೆಗಳಿದ್ದ ಕಡೆ ಈಗ ನಾಲ್ಕಂತಸ್ತುಗಳು. ಬೇರೆಯ ದಿನವಾಗಿದ್ದರೆ ನಮ್ಮ ಹಳೆಯ ಮನೆಯ ಗುರುತನ್ನು ಹುಡುಕಿಕೊಂಡು ಹೋಗುತ್ತಿದ್ದೆನು. ಆ ದಿನ ವೇದಿಕೆಯ ಪಕ್ಕದ ಕುರ್ಚಿಯನ್ನು ಬಿಟ್ಟು ಕದಲುವ ಮನಸ್ಸಾಗಲಿಲ್ಲ.

ವೇದಿಕೆಯ ಮೇಲೆ ಹುಡುಗನು ಮಾಡಿದ ಮೊದಲ ಕೆಲಸವನ್ನು ಮನೆಯಲ್ಲಿ ವಾದಕರುಳ್ಳ ತಂದೆತಾಯಿಗಳು ಗಮನಿಸಬೇಕು. ಟೆಸ್ಟರನ್ನು ತೆಗೆದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿದನು. ಆಮೇಲೆ ತನ್ನ ತಂತಿಗಳಿಗೂ ಮುಟ್ಟಿಸಿ ನೋಡಿದನು. ವಿದ್ಯುತ್ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈ­ಯರಿನ ಅರ್ತಿಂಗಿಗೆ ಸೇರಿರುವುವು. ಬೀದಿಯ ಚಪ್ಪರಗಳಲ್ಲಿ ಮೈಕಿಗೆ ಒಂದು ಕಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಮನೆಯಿಂದ ವಿದ್ಯುತ್ತನ್ನು ಎಳೆದು, ಮೂರು ಕಡ್ಡಿಯ ಪ್ಲಗ್ಗಿನ ಒಂದು ಕಡ್ಡಿಯನ್ನು ಮುರಿದು ಸಿಕ್ಕಿಸುವುದುಂಟು. ಅರ್ತಿಂಗು ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟುಕೊಂಡು ತುಟಿಯನ್ನು ಮೈಕಿಗೆ ತಾಗಿಸಿದವನ ಶರೀರವೇ ವಿದ್ಯುತ್ತಿನ ದಾರಿಯಾಗುವುದು. ಮಳೆಯಲ್ಲಿ ನೆನೆದ ಹಲಗೆ, ಬರಿಗಾಲು ಇವು ಸೇರಿದರೆ ಪ್ರಾಣಾಪಾಯ. ಎಲ್ಲವನ್ನೂ ಒಂದೇ ಮೂಲದಿಂದ, ಮೂರು ಕಡ್ಡಿಗಳಿಂದಲೇ ಕೂಡಿಸಬೇಕೆಂದು ಹುಡುಗನು ಹಟ ಹಿಡಿದನು. ಧ್ವನಿವರ್ಧಕದವನು, "ಹತ್ತು ವರ್ಷದಿಂದ ಹಿಂಗೇ ಮಾಡ್ತಿದೀವಿ, ಏನೂ ಆಗಿಲ್ಲ" ಎಂದು ಗೊಣಗಿದನು. ಇಪ್ಪತ್ತು ನಿಮಿಷ ತಡವಾಯಿತು. ಸರಿಪಡಿಸಿದ ಮೇಲೆಯೇ ಕೇಬಲ್ಲನ್ನು ಕೂಡಿಸಿದನು. ಬಸವೇಶ್ವರನಗರದ ಪ್ರಭಾತ್ ರಂಗಮಂದಿರದಂತಹ ಕಟ್ಟಿದ ಸಭಾಂಗಣಗಳಲ್ಲಿ ಎಳೆದು ಕೂಡಿಸುವ ಈ ತೊಡಕು ಕಡಮೆ. ಬೀದಿಯಲ್ಲಿ ಯಾರನ್ನೂ ನಂಬಕೂಡದು.

ಏಳು ಗಂಟೆಗೆ ಗಜಮುಖನ ಪ್ರಾರ್ಥನೆಯಿಂದ ಮೊದಲಾಯಿತು. ರಾಜಕುಮಾರರ ಚಿತ್ರಗಳ ಹಾಡುಗಳು ಬಂದುವು, ಜನ ಕುಣಿದರು. ಮೂರು ತಂತಿಗಳಲ್ಲಿ ಸಿಕ್ಕದ ಕೆಳಸ್ವರಗಳನ್ನು ಹುಡುಗನು ಒಂದು ಸ್ಥಾಯಿ ಮೇಲಕ್ಕೆತ್ತಿ ನುಡಿಸುತ್ತಿದ್ದನು. ಸಮಿತಿಯವರಿಗೆ ತಿಳಿಯಲಿಲ್ಲ, ಸಭಿಕರಿಗೆ ತಿಳಿಯಲಿಲ್ಲ. ಆದರೆ ಒಂದು ಹಾಡಿನಲ್ಲಿ, ಪಲ್ಲವಿಗೆ ಹಿಂತಿರುಗುವ ಕಡೆ, ನಮ್ಮ ಮನೆಯಲ್ಲಿ ವಾರವೆಲ್ಲ ಲೋಟಗಳು ಝಣಝಣವೆನ್ನುತ್ತಿದ್ದ ಜಾಗವೊಂದಿದ್ದಿತು. ಆ ಜಾಗ ಬಂದಿತು. ಹೆಬ್ಬಾಗಿಲಿನ ಮೆಟ್ಟಿಲೆಂದು ಕತ್ತಲಲ್ಲಿ ಕಾಲಿಟ್ಟವನಿಗೆ ಅಲ್ಲಿ ಮೆಟ್ಟಿಲಿಲ್ಲದಿದ್ದರೆ ಆಗುವಂತೆ ನನಗೆ ಎದೆಯಲ್ಲಿ ಒಂದು ಕ್ಷಣ ಕುಸಿದಂತಾಯಿತು. ಮತ್ತೆ ಪಲ್ಲವಿ ಬಂದಾಗಲೆಲ್ಲ ಹಾಗೆಯೇ ಆಯಿತು. ಮೂರು ಗಂಟೆಗಳ ಕಾಲ ಬೇರೆ ಏನನ್ನೂ ನಾನು ಕೇಳಲಿಲ್ಲವೆಂದೇ ಹೇಳಬೇಕು.

ಹತ್ತು ಗಂಟೆಗೆ ಧ್ವನಿವರ್ಧಕಗಳು ನಿಂತುವು. 2000 ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅವನ್ನು ಬಳಸಕೂಡದು. ಸರ್ಕಾರವು ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ವಾದಕರಿಗೆ ಇದೊಂದು ಉಪಕಾರವೇ. ಕೇಬಲ್ಲುಗಳನ್ನು ಸುತ್ತಿ, ಸಂಭಾವನೆಯನ್ನು ಎಣಿಸಿಕೊಂಡು, ಊಟ ಮುಗಿಸುವುದರೊಳಗೆ ಕೊನೆಯ ರೈಲು ತಪ್ಪದಂತೆ ನೋಡಿಕೊಳ್ಳಬೇಕು. ಅದರ ವೇಳೆಯನ್ನು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನಾವು ಅವಲಕ್ಕಿಯ ಡಬ್ಬಿಯನ್ನು ಅಂದು ಬಿಚ್ಚಲೇ ಇಲ್ಲ. ಕೆಂಗೇರಿಯಲ್ಲಿ ಇಳಿದಾಗ ಮಳೆ ಸುರಿಯುತ್ತಿದ್ದಿತು. ಹೊದಿಕೆ ಹಾಕಿ ನಡೆದೆವು. ಮನೆಗೆ ಬಂದೊಡನೆ ಹುಡುಗನು ಹೊರಗಿನ ಚೀಲವನ್ನು ಒರಸಿ, ವಾದ್ಯವನ್ನು ಹೊರತೆಗೆದು, ತಂತಿಗಳನ್ನು ಒಂದೊಂದಾಗಿ ಹತ್ತಿಯ ಬಟ್ಟೆಯಿಂದ ತೀಡಿ, ಮಂಚದ ಮೇಲೆ ಮಲಗಿಸಿದನು. ತಾನು ಚಾಪೆಯ ಮೇಲೆ ಮಲಗಿದನು. ಒದ್ದೆಯ ಚೀಲದಲ್ಲಿ ರಾತ್ರಿಯೆಲ್ಲ ಬಿಟ್ಟರೆ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿಯುವುದು.

ಮಾರನೆಯ ದಿನ ಪೇಟೆಯ ಅಂಗಡಿಯಿಂದ ಹೊಸ ಬಿರಡೆ ತಂದು ಅವನೇ ಕೂಡಿಸಿದನು. ಬೆಲೆ ಕೊಡಹೋದರೆ ತೆಗೆದುಕೊಳ್ಳನು. ನಮ್ಮಿಬ್ಬರ ಚರ್ಚೆಯನ್ನು ಅಡಿಗೆಮನೆಯಿಂದ ಕೇಳುತ್ತಿದ್ದ ನನ್ನ ಮನೆಯವರು, ಬಾಕಿಯಿದ್ದ ಐದು ಕಂತುಗಳಲ್ಲಿ ಒಂದನ್ನು ನಾನು ಕಟ್ಟತಕ್ಕುದೆಂದು ತೀರ್ಪು ಕೊಟ್ಟರು. ಇಬ್ಬರೂ ಒಪ್ಪಿದೆವು. ಹಬ್ಬ ಮುಗಿಯುವವರೆಗೆ ನಾನು ಮತ್ತೆ ಜೊತೆಗೆ ಹೋಗುವ ಮಾತನ್ನು ಎತ್ತಲಿಲ್ಲ. ಅವನೂ ಕರೆಯಲಿಲ್ಲ.

ದೂರದ ಪ್ರಯಾಣದ ವಿಷಯವಾಗಿ ಅವನಿಂದ ಆಮೇಲೆ ಕೇಳಿ ತಿಳಿದ ಒಂದೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುವೆನು. ರೈಲಿನಲ್ಲಿ ವಾದ್ಯವನ್ನು ಸೀಟಿನ ಕೆಳಗೆ ತಳ್ಳಕೂಡದು, ಟ್ರಂಕಿನವರು ಬರುವರು. ಮೇಲಿನ ಮಲಗುವ ಹಲಗೆಯೇ ಅದಕ್ಕೆ ಸ್ಥಾನ. ವಿಮಾನದಲ್ಲಿ ಜೊತೆಗಿಟ್ಟುಕೊಳ್ಳುವ ಚೀಲಕ್ಕೆ ಗೊತ್ತುಮಾಡಿರುವ ಅಳತೆಯನ್ನು ಬೇಸ್ ಗಿಟಾರ್ ಮೀರುವುದರಿಂದ, ಟಿಕೀಟು ಕೊಳ್ಳುವ ಮೊದಲೇ ಕಂಪನಿಯವರನ್ನು ವಿಚಾರಿಸಬೇಕು. ಸರಕಿನೊಡನೆ ಹಾಕುವುದಾದರೆ ಗಟ್ಟಿ ಪೆಟ್ಟಿಗೆಯೇ ಆಗಬೇಕು. ಒಳಗೆ ತಲೆ ಅಲುಗದಂತೆ ಬಟ್ಟೆಗಳನ್ನು ತುರುಕಿ, ತಂತಿಗಳನ್ನು ಸ್ವಲ್ಪ ಸಡಿಲಿಸಬೇಕು. ತಿರುಪುಗಳನ್ನು ಬಿಚ್ಚಿ ದಂಡಿಯನ್ನು ಬೇರೆಮಾಡಿ ಬಟ್ಟೆಯ ಪೆಟ್ಟಿಗೆಯಲ್ಲಿಯೇ ಒಯ್ಯುವ ಧೀರರೂ ಉಂಟು. ತಿರುಪುಳಿ, ಇಕ್ಕುಳಗಳನ್ನು ಕೈಚೀಲದಲ್ಲಿಟ್ಟುಕೊಂಡರೆ ಕಾವಲಿನವರು ತೆಗೆದಿಟ್ಟುಕೊಳ್ಳುವರು. ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು: ಅನೇಕ ಗಿಟಾರುಗಳ ದಂಡಿಯ ಮೇಲ್ಪಟ್ಟಿಯು ನಮ್ಮ ಮಲೆನಾಡು ಕೊಡಗುಗಳಲ್ಲಿ ಬೆಳೆಯುವ ಬೀಟೆಯ ಕುಲದ ಮರದ್ದು. ಆ ಕುಲದ ಮರಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ 2017 ರಲ್ಲಿ ಅಂತಾರಾಷ್ಟ್ರೀಯ ಕಟ್ಟುಪಾಡು ಬಂದು ವಾದಕರು ಕಂಗಾಲಾದರು; 2019 ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು.

ಆ ವರ್ಷದ ನವಂಬರಿನಲ್ಲಿ ತಂಡಕ್ಕೆ ಮೈಸೂರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವೊಂದು ಗೊತ್ತಾಯಿತು. ನನಗೂ ಅಲ್ಲಿ ಹಳೆಯ ಸಹಪಾಠಿಯೊಬ್ಬರನ್ನು ಕಾಣಬೇಕಾಗಿದ್ದುದರಿಂದ ಒಂದೇ ರೈಲಿಗೆ ಹೊರಟೆವು. ಕೆಂಗೇರಿಯ ರೈಲು ನಿಲ್ದಾಣದಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ವಾದ್ಯಕ್ಕೆ ಹೊಸ ಚೀಲ, ತಲೆಯ ಕಡೆಗೆ ಎರಡಂಗುಲ ದಪ್ಪದ ಮೆತ್ತೆ. ಹುಡುಗನು ನನ್ನನ್ನೊಮ್ಮೆ ನೋಡಿ, "ದೊಡ್ಡಪ್ಪ, ಸ್ವಲ್ಪ ಹಿಡಿದುಕೊಳ್ಳಿ, ನೀರು ತರ್ತೀನಿ" ಎಂದು ಅದನ್ನು ನನ್ನ ಕೈಗೆ ಕೊಟ್ಟು ಹೋದನು. ಎಡಕ್ಕೆ ಗೋಡೆಯಿದ್ದಿತು, ಬಲಕ್ಕೆ ಖಾಲಿಯಾದ ಕಲ್ಲುಬೆಂಚಿದ್ದಿತು. ಅವನು ಹಿಂತಿರುಗಿ ಬರುವವರೆಗೂ ನಾನು ನಡುವೆ, ಎರಡು ಕೈಗಳಿಂದಲೂ ಹಿಡಿದು, ನಿಂತೇ ಇದ್ದೆನು.